ಹದಿನೇಳನೆಯ ಹೆಸರು

ಬೆಳಗಿನಿಂದ ಮೂರು ಸಲ ಎಣಿಸಿದ್ದಾಯಿತು, ಮೂರು ಸಲವೂ ತನ್ನ ಹೆಸರು ಹದಿನೇಳನೆಯದಾಗಿಯೇ ಬಂತು. ಪಾರ್ಕಿನ ಬಯಲು ರಂಗಮಂದಿರದ ಉದ್ಘಾಟನೆಯ ಆಹ್ವಾನ ಪತ್ರಿಕೆಯ ತಲೆಯ ಮೇಲೆ ಶಾಸಕರು ಕೈಮುಗಿದು ನಿಂತಿದ್ದರು, ಅವರ ಕೆಳಗೆ ಅವರ ಆಪ್ತರು, ಆಪ್ತರ ಆಪ್ತರು, ಪಾರ್ಕಿನಲ್ಲಿ ಯೋಗ ಕಲಿಸುವ ಒಬ್ಬಾಕೆ, ಹದಿನಾರನೆಯವನಾಗಿ ಶಾಮಿಯಾನ ಒದಗಿಸಿದ ಮನುಷ್ಯ. ಅವನ ಪಾದದ ಬುಡದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, 'ಶ್ರೀ ಬೈಲಪ್ಪ, ಮಾಜಿ ಕಾರ್ಪೊರೇಟರ್'. ಅಷ್ಟೇ. ನಲವತ್ತೈದು ವರ್ಷ ಕರಿಕೋಟು ತೊಟ್ಟವನನ್ನು ವಕೀಲ ಎಂದಿರಲಿಲ್ಲ. ಬನಶಂಕರಿಯಿಂದ ವಸಂತಪುರದವರೆಗೆ ಒಂದು ಕಾಲದಲ್ಲಿ ಹಳ್ಳಿಗಳೇ ಆಗಿದ್ದ ಜಾಗಗಳನ್ನೆಲ್ಲ ಸ್ಕೂಟರಿನಲ್ಲಿ ಸುತ್ತಿ, ಮುದುಕ ಮುದುಕಿಯರ ಬಾಯಲ್ಲಿದ್ದ ತತ್ವಪದಗಳನ್ನು ಟೇಪಿಗೆ ಇಳಿಸಿ, ನಾನೂರು ಪುಟದ ಚರಿತ್ರೆ ಬರೆದವನನ್ನು ಸಾಹಿತ್ಯ ಚರಿತ್ರೆಕಾರ ಎಂದೂ ಅಂದಿರಲಿಲ್ಲ. ತಮಾಷೆಯೆಂದರೆ ಇವತ್ತು ಬಿಡುಗಡೆಯಾಗುವುದು ಅದೇ ಪುಸ್ತಕದ ಎರಡನೆಯ ಮುದ್ರಣ. ಪತ್ರಿಕೆಯಲ್ಲಿ 'ಪುಸ್ತಕ ಬಿಡುಗಡೆ' ಎಂದಿತ್ತು, ಯಾರ ಪುಸ್ತಕ ಎಂದಿರಲಿಲ್ಲ. ಹೆಂಡತಿ ಲಕ್ಷ್ಮಮ್ಮ ತಟ್ಟೆಯನ್ನು ಅವನ ಕಡೆ ತಳ್ಳಿ, ಉಪ್ಪಿಟ್ಟು ಆರಿಹೋಗ್ತಿದೆ, ಹೆಸರು ಇದೆಯಲ್ಲ, ಅದೇನು ಅಷ್ಟು ಓದೋದು ಅಂದಳು. ಹೆಸರು ಇರುವುದಕ್ಕೂ ಇರಬೇಕಾದಂತೆ ಇರುವುದಕ್ಕೂ ಇರುವ ವ್ಯತ್ಯಾಸವನ್ನು ಇವಳಿಗೆ ಹೇಗೆ ತಿಳಿಸುವುದೆಂದು ತೋಚದೆ ಬೈಲಪ್ಪ ಉಪ್ಪಿಟ್ಟು ತಿಂದ.

ಕಾರ್ಯಕ್ರಮದ ಉಸ್ತುವಾರಿ ರಘುವಿನದು. ನಿನ್ನೆ ಫೋನಿನಲ್ಲಿ ಅವನು ಸಾರ್ ಸಾರ್ ಎನ್ನುತ್ತಲೇ, ಸ್ಪೇಸ್ ಇರ್ಲಿಲ್ಲ, ಡಿಸೈನ್ ಮಾಡೋನು ಕಟ್ ಮಾಡ್ಬಿಟ್ಟ, ನಿಮ್ಮನ್ನ ಗೊತ್ತಿಲ್ಲದೋರು ಯಾರು ಸಾರ್ ಈ ಏರಿಯಾದಲ್ಲಿ ಎಂದಿದ್ದ. ಇದೇ ರಘು ಬೈಲಪ್ಪನ ಎರಡನೆಯ ಚುನಾವಣೆಯಲ್ಲಿ ಗೋಡೆಗೆ ಪೋಸ್ಟರು ಅಂಟಿಸುತ್ತ ಮೊಣಕೈವರೆಗೂ ಮೈದಾ ಗೋಂದು ಬಳಿದುಕೊಂಡು ಬರುತ್ತಿದ್ದವನು. ಆಗ ಪೋಸ್ಟರಿನಲ್ಲಿ ಮೂರೂ ಬಿರುದು ಇರುತ್ತಿದ್ದವು, ಜಾಗ ಸಾಲದು ಎಂದು ಯಾರೂ ಅನ್ನುತ್ತಿರಲಿಲ್ಲ. ಮೊದಲ ಮುದ್ರಣದ ದಿನ, ಜಯನಗರದ ಆ ಚಿಕ್ಕ ಸಭಾಂಗಣದಲ್ಲಿ, ಗಂಟಲು ಕಟ್ಟಿದ್ದ ಒಬ್ಬ ಹಿರಿಯ ಪ್ರಾಧ್ಯಾಪಕರು ಹೇಳಿದ್ದ ಮಾತು ಅವನಿಗೆ ಇನ್ನೂ ಬಾಯಿಪಾಠ: ಐರ್ಲೆಂಡ್ ದೇಶದಲ್ಲಿ ಹೀಗೇ ಒಬ್ಬ ಮನುಷ್ಯ ಇದ್ದ, ಕೋರ್ಟಿನಲ್ಲಿ ವಕೀಲ, ಸಭೆಯಲ್ಲಿ ರಾಜಕಾರಣಿ, ಮನೆಯಲ್ಲಿ ತನ್ನ ಜನದ ಸಾಹಿತ್ಯದ ಚರಿತ್ರೆ ಬರೆಯುವವನು, ನಮ್ಮ ಬೈಲಪ್ಪನೂ ಆ ಜಾತಿಯವನೇ. ಪ್ರಾಧ್ಯಾಪಕರು ಆ ಐರಿಷ್ ಮನುಷ್ಯನ ಹೆಸರನ್ನೂ ಹೇಳಿದ್ದರು. ಚಪ್ಪಾಳೆಯಲ್ಲಿ ಅದು ಕೇಳಿಸಲಿಲ್ಲ. ಆಮೇಲೆ ಕೇಳಲು ನಾಚಿಕೆಯಾಗಿ, ಮೂವತ್ತೈದು ವರ್ಷ ಹೆಸರಿಲ್ಲದ ಒಬ್ಬ ಐರಿಷ್ ವಕೀಲನನ್ನು ಬೈಲಪ್ಪ ತನ್ನ ಒಳಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದ. ಕೇಸು ಸೋತ ದಿನ, ಎರಡನೆಯ ಸಲ ನಿಂತು ಚುನಾವಣೆ ಸೋತ ದಿನ, ಅವನೊಬ್ಬನೇ ಸಮಾಧಾನ.

ಸ್ನಾನ ಮುಗಿಸಿ ಬಂದು ಮುಂಗೋಣೆಯ ಚೇಂಬರಿನಲ್ಲಿ ಮೇಜಿನ ಮುಂದೆ ಕೂತರೆ ಪೆನ್‌ಡ್ರೈವ್ ಅಲ್ಲೇ ಇತ್ತು. ಇಪ್ಪತ್ತು ದಿನದಿಂದ ಅಲ್ಲೇ ಇದೆ. ಕೆಲಸದಾಕೆ ಧೂಳು ಒರೆಸುವಾಗ ಎತ್ತಿ, ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಾಳೆ. ಅದನ್ನು ಇಟ್ಟವಳು ರೇಖಾ, ನಾಲ್ಕು ವರ್ಷದಿಂದ ಅವನ ಕೈಕೆಳಗೆ ಜೂನಿಯರ್ ಆಗಿದ್ದ ಹುಡುಗಿ, ಇಟ್ಟಮಡುವಿನ ಕಾಲೊನಿಯಲ್ಲಿರುವ ನಿವೃತ್ತ ಬಸ್ ಕಂಡಕ್ಟರ್ ವೇಣುವಿನ ಮಗಳು. ಕಾಲೊನಿಯ ಹುಡುಗಿಗೆ ತನ್ನ ಚೇಂಬರಿನಲ್ಲಿ ಕುರ್ಚಿ ಕೊಟ್ಟೆನೆಂದು ಬೈಲಪ್ಪ ಎಷ್ಟು ಕಡೆ ಹೇಳಿಕೊಂಡಿದ್ದನೋ ಲೆಕ್ಕವಿಲ್ಲ, ಒಮ್ಮೆ ಅವಳೆದುರಿಗೇ ಹೇಳಿದ್ದ. ಡ್ರಾಫ್ಟಿಂಗ್ ಕಲಿಸಿದ್ದೂ ಅವನೇ. ಹೆಸರು ಮೊದಲು ಸರಿಯಾಗಿ ಬರಿ, ಕೋಳಿ ಕಾಲಿನ ಹಾಗೆ ಬರೆದರೂ ಪರವಾಗಿಲ್ಲ, ಹೆಸರು ಮಾತ್ರ ಪೂರ್ತಿ ಇರಬೇಕು, ಹೆಸರು ತಪ್ಪಿದರೆ ಇಡೀ ಕೇಸು ತಪ್ಪಿದ ಹಾಗೆ ಎಂದು ಅವಳ ಕಾಗದಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಚುತ್ತಿದ್ದ. ಎರಡನೆಯ ಮುದ್ರಣಕ್ಕೆಂದು ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು ಬಾ ಎಂದು ಚೀಲ ಕೊಟ್ಟು ಕಳಿಸಿದ್ದೂ ಅವನೇ. ಆ ಚೀಲದಲ್ಲಿ ಏನಿದೆಯೆಂಬುದು ಅವನಿಗೆ ಮರೆತೇಹೋಗಿತ್ತು. ಮರೆತಿತ್ತೋ, ಅಥವಾ ಮರೆತಿದೆ ಎಂದು ತಾನೇ ತನಗೆ ಇಷ್ಟು ವರ್ಷ ಸಾಕ್ಷಿ ನುಡಿದಿದ್ದನೋ.

ಕ್ಯಾಸೆಟ್ಟಿನಲ್ಲಿ ಮೊದಲು ಗೊರಗೊರ ಸದ್ದು, ಆಮೇಲೆ ಒಂದು ಹುಂಜ, ಆಮೇಲೆ ಮಾರಮ್ಮ. ರೇಖಾಳ ಅಜ್ಜಿ. ಎಂಬತ್ತೆಂಟನೇ ಇಸವಿಯಲ್ಲಿ ಅವಳಿಗೆ ಅರವತ್ತು ದಾಟಿತ್ತು. ಅಂಗಳದಲ್ಲಿ ಅವನಿಗೆಂದು ಅವಳು ಹೊಸ ಚಾಪೆ ಹಾಸಿದ್ದಳು. ಬೈಲಪ್ಪ ಚಾಪೆಯ ಮೇಲೆ ಕೂರದೆ ಸ್ಕೂಟರಿನ ಸೀಟಿನ ಮೇಲೇ ಕೂತು, ಟೇಪ್‌ರೆಕಾರ್ಡರನ್ನು ಚಾಪೆಯ ಮೇಲೆ ಇಟ್ಟಿದ್ದ. ಯಂತ್ರಕ್ಕೆ ಸಿಕ್ಕಿದ ಮರ್ಯಾದೆ ತನಗೆ ಬೇಡವೆಂದು ಆಗ ಯಾಕೆ ಅನ್ನಿಸಿತು? ಪ್ಯಾಂಟಿಗೆ ಮಣ್ಣಾಗುತ್ತದೆ ಎಂದು ಹೇಳಿದ ನೆನಪು. ಅಂಗಳ ಸಾರಿಸಿ ಕನ್ನಡಿ ಮಾಡಿದ್ದಳು, ಮಣ್ಣೆಲ್ಲಿತ್ತು. ಅವಳು ಒಂದೊಂದೇ ಹಾಡಿದಳು, ಕೊನೆಯ ಸಾಲಿನಲ್ಲಿ ಪ್ರತಿ ಸಲವೂ 'ಗುರುದುಂಡ' ಎಂಬ ಅಂಕಿತ ಬಂತು, ಪ್ರತಿ ಸಲವೂ ಬೈಲಪ್ಪ ಟಿಪ್ಪಣಿ ಪುಸ್ತಕದಲ್ಲಿ ಗೆರೆ ಹಾಕಿಕೊಂಡ. ಗುರುದುಂಡ ಎಂದರೆ ದುಂಡಪ್ಪಯ್ಯ, ಗದ್ದುಗೆಯ ಗುರು, ಬೈಲಪ್ಪನ ತಾತನ ಅಣ್ಣ. ಮದುವೆಯಾಗದೆ, ತಂಬೂರಿ ಹಿಡಿದು, ಜಾತಿ ನೋಡದೆ ಬೋಧೆ ಕೊಟ್ಟವರು ಎಂದು ಮನೆತನದಲ್ಲಿ ಹೇಳಿಕೊಳ್ಳುತ್ತಾರೆ. ಜಾತಿ ನೋಡದೆ ಬೋಧೆ ಕೊಟ್ಟದ್ದು ನಿಜ, ಮಾರಮ್ಮ ಮಾತ್ರ ಗದ್ದುಗೆಯ ಹೊರಗಿನ ಬೇವಿನ ಬುಡದಲ್ಲಿ ಕೂತು ಕೇಳಬೇಕಿತ್ತು. ತೊಟ್ಟಿಲ ಹಾಡೊಂದು ಮುಗಿಯಿತು. ಆಮೇಲೆ ಟೇಪಿನಲ್ಲಿ ಅವಳ ಧ್ವನಿ ಬರುತ್ತದೆ.

"ಇದು ನಮ್ಮ ಎರಡನೇ ಮಗ ಹೋದಾಗ ನಾನ್ ಕಟ್ಟಿದ್ದು ಬುದ್ಧಿ. ಮೂರ್ ದಿನ ಹಾಲು ಕಟ್ಕೊಂಡಿತ್ತು. ಅವಾಗ—"

ಅಷ್ಟರಲ್ಲಿ ಇನ್ನೊಂದು ಧ್ವನಿ, ಎಳೆಯದು, ಅವಸರದ್ದು, ಓದಿದವನದು.

"ಅದೆಲ್ಲ ಬೇಡ ಮಾರಮ್ಮ, ಟೇಪು ಮುಗಿದೋಗ್ತದೆ. ಹಾಡು ಮಾತ್ರ ಹೇಳು."

ಹೇಳು, ಎಂದಿದ್ದ. ತಾಯಿಯ ವಯಸ್ಸಿನವಳಿಗೆ. ಮಾರಮ್ಮ ಆಮೇಲೆ ಹಾಡು ಮಾತ್ರ ಹೇಳಿದಳು. ಮುಂದಿನ ಹಾಡಿಗೆ ಮೊದಲು ಹುಂಜ ಎರಡು ನಿಮಿಷ ಕೂಗಿದೆ, ಅದನ್ನು ಬೈಲಪ್ಪ ತಡೆದಿಲ್ಲ, ಟೇಪು ಮುಗಿದುಹೋಗುತ್ತದೆ ಎಂದು ಹುಂಜಕ್ಕೆ ಹೇಳಿಲ್ಲ.

ತನ್ನ ಹೆಸರು ಹಾಕಿಕೊಳ್ಳುವುದು ಅಹಂಕಾರವೆಂದು ಶಿಷ್ಯರು ಪದ ಕಟ್ಟಿ ಗುರುವಿನ ಅಂಕಿತ ಹಾಕುವುದು ಈ ದಾರಿಯವರ ಪದ್ಧತಿ. ಇದು ಬೈಲಪ್ಪನಿಗೆ ಗೊತ್ತಿಲ್ಲದ ಸಂಗತಿಯಲ್ಲ, ಪುಸ್ತಕದ ಮೊದಲ ಅಧ್ಯಾಯದಲ್ಲಿ ಎರಡು ಪುಟ ಅದನ್ನೇ ವಿವರಿಸಿದ್ದಾನೆ. ಆದರೆ ಅವನೊಳಗಿನ ವಕೀಲ ಬೇರೆಯದೇ ಹೇಳಿದ: ಸಹಿ ಯಾರದೋ ಪತ್ರ ಅವರದು. ಅವನೊಳಗಿನ ರಾಜಕಾರಣಿಗೆ ದುಂಡಪ್ಪಯ್ಯನ ಹೆಸರಿನಲ್ಲಿ ನಾಲ್ಕು ಹಳ್ಳಿಯ ಮನೆತನಗಳು ಒಂದಾಗುವುದು ಕಾಣಿಸಿತು, ಒಂದಾದವು ಕೂಡ, ಅವನು ಗೆದ್ದ. ಚರಿತ್ರೆಕಾರ ಎದ್ದು ಮಾತಾಡಬೇಕಿತ್ತು, ಮಿಕ್ಕ ಇಬ್ಬರು ಅವನನ್ನು ಕೂರಿಸಿದರು. ಹೀಗೆ ಮಾರಮ್ಮನ ನಲವತ್ತೊಂದು ಹಾಡು ದುಂಡಪ್ಪಯ್ಯನದಾಯಿತು. ಮಾರಮ್ಮ ಅಡಿಟಿಪ್ಪಣಿಯಾದಳು, 'ಹಾಡಿದವರು: ಒಬ್ಬ ವೃದ್ಧೆ'. ಅದಾದರೂ ಹೋಗಲಿ. 'ತೊಟ್ಟಿಲು ಬರಿದಾಯ್ತು, ತೂಗುವ ಕೈ ನಿಲ್ಲಲಿಲ್ಲ, ಗುರುದುಂಡ ನೋಡು ಬಾರಯ್ಯ' ಎಂಬ ಆ ಹಾಡಿನ ಮೇಲೆ ಅವನು ಮೂರು ಪುಟ ಬರೆದಿದ್ದ. ಬ್ರಹ್ಮಚಾರಿ ಗುರುವೊಬ್ಬ ಹೆತ್ತ ಒಡಲಿನ ಸಂಕಟವನ್ನು ಇಷ್ಟು ಬಲ್ಲವನಾದದ್ದು ಹೇಗೆ, ಇದು ಕವಿಯ ಪರಕಾಯ ಪ್ರವೇಶವಲ್ಲದೆ ಮತ್ತೇನು, ಎಂದು. ಆ ಮೂರು ಪುಟವನ್ನು ಪ್ರಾಧ್ಯಾಪಕರು ಹೊಗಳಿದ್ದರು. ಒಂದು ಕಾಲೇಜಿನಲ್ಲಿ ಪಾಠಕ್ಕೂ ಇಟ್ಟಿದ್ದರು. ಹಾಲು ಕಟ್ಟಿಕೊಂಡ ಎದೆಯ ನೋವನ್ನು ಗಡ್ಡದ ಮುದುಕನೊಬ್ಬ ಕಲ್ಪಿಸಿಕೊಂಡ ಎಂದು ಮೂವತ್ತೈದು ವರ್ಷ ಮಕ್ಕಳು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದಾರೆ.

ಇಪ್ಪತ್ತು ದಿನದ ಹಿಂದೆ ರೇಖಾ ಪೆನ್‌ಡ್ರೈವ್ ಇಟ್ಟು ನಿಂತಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು, ಸಿಟ್ಟಿಗೆ ಸಿಟ್ಟು ತೋರಿಸಿ ಕಳಿಸಬಹುದಿತ್ತು. ಮನೆಯಲ್ಲಿ ಅಪ್ಪ ಯಾವಾಗಲೂ ಇವು ಅಜ್ಜಿ ಹಾಡು ಅಂತಿದ್ದರು, ನಾವು ಸುಮ್ಮನೆ ಹೇಳ್ತಾರೆ ಅಂದುಕೊಂಡಿದ್ವಿ ಎಂದಳು. ಪುಸ್ತಕ ಅಚ್ಚಾಗಿಬಿಟ್ಟಿದೆ ಎಂದು ಅವನು ಹೇಳಿದ್ದಕ್ಕೆ, ಒಂದು ಚೀಟಿ ಅಂಟಿಸಿದರೂ ಸಾಕು, ಒಂದೇ ಸಾಲು, ಈ ಹಾಡುಗಳು ಮಾರಮ್ಮ ಕಟ್ಟಿದವು ಅಂತ, ಬೇಕಾದರೆ ನಾನೇ ಕೂತು ಐನೂರು ಪ್ರತಿಗೂ ಅಂಟಿಸ್ತೀನಿ ಎಂದಳು. ಬೈಲಪ್ಪ ಮುಂದಿನ ಮುದ್ರಣದಲ್ಲಿ ನೋಡೋಣ ಎಂದ. ಮೊದಲ ಮುದ್ರಣಕ್ಕೂ ಎರಡನೆಯದಕ್ಕೂ ನಡುವೆ ಮೂವತ್ತೈದು ವರ್ಷ, ಅವನಿಗೀಗ ಎಪ್ಪತ್ತೆರಡು. ಆ ಲೆಕ್ಕ ಅವಳ ಕಣ್ಣಿನಲ್ಲಿ ಹಾದುಹೋದದ್ದು ಅವನಿಗೆ ಕಂಡಿತು. ಆಗಲಿ ಸಾರ್ ಎಂದು ಹೋದವಳು ಮತ್ತೆ ಚೇಂಬರಿಗೆ ಬರಲಿಲ್ಲ.

ಆದರೆ ಇವತ್ತು ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಅವನು ತೀರ್ಮಾನಿಸಿದ್ದ. ಹೇಳಿಬಿಡುವುದು. ವೇದಿಕೆಯ ಮೇಲೆ, ಎಲ್ಲರ ಮುಂದೆ, ಒಂದೇ ವಾಕ್ಯ. ಈ ಪುಸ್ತಕದ ನಲವತ್ತೊಂದು ಹಾಡು ದುಂಡಪ್ಪಯ್ಯನವಲ್ಲ, ನಮ್ಮ ಕಾಲೊನಿಯ ಮಾರಮ್ಮನವು, ತಪ್ಪು ನನ್ನದು. ದುಂಡಪ್ಪಯ್ಯನ ಹೆಸರಿಟ್ಟಿರುವ ಬಯಲು ರಂಗಮಂದಿರದ ಉದ್ಘಾಟನೆಯ ದಿನವೇ ಹೇಳಿದರೆ ಮನೆತನದವರು ಮುಖ ತಿರುಗಿಸುತ್ತಾರೆ, ತಿರುಗಿಸಲಿ. ಪುಸ್ತಕದ ಬೆನ್ನೆಲುಬೇ ಮುರಿಯುತ್ತದೆ, ಮುರಿಯಲಿ. ಅಂಗಿ ತೊಡುವಾಗ ಎದೆ ಹಗುರವಾಗಿತ್ತು. ಆಟೊದಲ್ಲಿ ಇಟ್ಟಮಡುವಿನ ಕಡೆ ಹೋಗುವಾಗ ಆ ವಾಕ್ಯವನ್ನು ಬಾಯೊಳಗೇ ಏಳೆಂಟು ಸಲ ಹೇಳಿಕೊಂಡ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಿಂತಿದ್ದ ಲೇಡೀಸ್ ಪಿಜಿಯ ಮಹಡಿಯಲ್ಲಿ ಟವೆಲುಗಳು ಒಣಗುತ್ತಿದ್ದವು. ಬೇವಿನ ಮರ ಇದ್ದ ಕಡೆ ಟ್ರಾನ್ಸ್‌ಫಾರ್ಮರ್ ಇತ್ತು. ಐರಿಷ್ ವಕೀಲನಾಗಿದ್ದರೂ ಹೀಗೇ ಮಾಡುತ್ತಿದ್ದ ಎಂದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ಸ್ವಲ್ಪ ಹೇಸಿಗೆಯೂ ಆಯಿತು.

ಪಾರ್ಕಿನಲ್ಲಿ ಅವನ ಕುರ್ಚಿ ವೇದಿಕೆಯ ಎರಡನೆಯ ಸಾಲಿನಲ್ಲಿತ್ತು. ಎದುರಿಗೆ ಶಾಮಿಯಾನದವನ ಬೆನ್ನು. ಆ ಬೆನ್ನಿನ ಆಚೆಯಿಂದ ಇಣುಕಿದರೆ ಜನ ಕಾಣುತ್ತಿದ್ದರು, ಮೂರನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ವೇಣು, ಅವನ ಪಕ್ಕದಲ್ಲಿ ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡ ರೇಖಾ. ಬಂದಿದ್ದಾಳೆ. ಬೈಲಪ್ಪ ತಲೆಯಾಡಿಸಿದ. ಅವಳು ನೋಡಿದಳೋ ಇಲ್ಲವೋ. ಶಾಲು ಹೊದಿಸುವ ಹೊತ್ತಿಗೆ ಶಾಲು ಸಾಲದೆ ಹದಿನೈದರವರೆಗೆ ಶಾಲು, ಆಮೇಲಿನವರಿಗೆ ಹಾರ ಎಂದಾಯಿತು. ಹಾರವೂ ಮುಗಿದು, ಮೊದಲೊಬ್ಬರು ತೆಗೆದಿಟ್ಟಿದ್ದ ಹಾರವನ್ನೇ ಎತ್ತಿ ಅವನ ಕೊರಳಿಗೆ ಹಾಕಿದರು. ಬೇರೊಬ್ಬರ ಬೆವರಿನಿಂದ ಅದು ಒದ್ದೆಯಾಗಿತ್ತು. ಪುಸ್ತಕವನ್ನು ಶಾಸಕರು ಬಣ್ಣದ ಕಾಗದದಿಂದ ಬಿಚ್ಚಿ, ತಲೆಕೆಳಗಾಗಿ ಹಿಡಿದು ಫೋಟೊ ತೆಗೆಸಿಕೊಂಡರು. ದುಂಡಪ್ಪಯ್ಯನವರಂಥ ಮಹಾಕವಿ ಈ ಮಣ್ಣಿನಲ್ಲಿ ಹುಟ್ಟಿದ್ದು ನಮ್ಮ ಪುಣ್ಯ ಎಂದರು, ತೊಟ್ಟಿಲ ಹಾಡಿನ ಎರಡು ಸಾಲನ್ನು ಮೊಬೈಲು ನೋಡಿ ಓದಿದರು, ಅದು ಬೈಲಪ್ಪನ ಮೂರು ಪುಟದಿಂದ ಯಾರೋ ಆರಿಸಿ ಕೊಟ್ಟದ್ದು, ಅವನ ಹೆಸರು ಮಾತ್ರ ಹೇಳಲಿಲ್ಲ. ಸಭೆಯಲ್ಲಿ ವೇಣು ತಲೆ ತಗ್ಗಿಸಿದ. ಬೈಲಪ್ಪನ ಕಿವಿ ಬಿಸಿಯಾಯಿತು. ಅದು ಯಾರಿಗಾಗಿ ಬಿಸಿಯಾಯಿತೆಂದು ಆ ಹೊತ್ತಿನಲ್ಲಿ ಅವನು ಕೇಳಿಕೊಳ್ಳಲಿಲ್ಲ.

ಕೊನೆಗೆ ರಘು ಮೈಕಿನಲ್ಲಿ, ನಮ್ಮ ಮಾಜಿ ಕಾರ್ಪೊರೇಟರ್ ಸಾಹೇಬರು ಎರಡೇ ಎರಡು ನಿಮಿಷ ಮಾತಾಡ್ತಾರೆ, ಶಾಸಕರಿಗೆ ಬೇರೆ ಕಾರ್ಯಕ್ರಮ ಇದೆ, ಎರಡೇ ನಿಮಿಷ ಎಂದು ಬೆರಳು ತೋರಿಸಿದ. ಬೈಲಪ್ಪ ಎದ್ದು, ಶಾಮಿಯಾನದವನ ಕುರ್ಚಿ ದಾಟಿ ಮುಂದೆ ಬಂದ. ವಾಕ್ಯ ಬಾಯ ತುದಿಯಲ್ಲೇ ಇತ್ತು. ಈ ಪುಸ್ತಕದ ನಲವತ್ತೊಂದು ಹಾಡು. ಅಷ್ಟು ಹೇಳುವುದಕ್ಕೆ ಮೊದಲು ಈ ಪುಸ್ತಕ ಯಾರದೆಂದು ಜನಕ್ಕೆ ಗೊತ್ತಾಗಬೇಡವೇ? ಇವನು ಯಾರೋ ಮಾಜಿ ಎಂದುಕೊಂಡವರಿಗೆ ಇವನ ತಪ್ಪಿನ ತೂಕವಾದರೂ ಹೇಗೆ ತಿಳಿಯಬೇಕು? ಅದಕ್ಕೆಂದೇ, ಅದೊಂದಕ್ಕೆಂದೇ ಅವನು ಆಹ್ವಾನ ಪತ್ರಿಕೆಯಿಂದ ಶುರುಮಾಡಿದ. ಈ ಪುಸ್ತಕ ಬರೆದವನು ನಾನು ಎಂದ. ನನ್ನ ಹೆಸರು ಶಾಮಿಯಾನದವರ ಕೆಳಗಿದೆ ಎಂದ. ಯಾರೋ ನಕ್ಕರು. ನಗು ಕೇಳಿದ್ದೇ ತಡ, ಒಳಗೆ ಏನೋ ಹರಿದು ಹೋಯಿತು. ಹನ್ನೊಂದು ವರ್ಷ ಸ್ಕೂಟರ್ ಓಡಿಸಿದೆ, ಈ ಪಾರ್ಕು ಲೇಔಟಾಗದಂತೆ ಕೋರ್ಟಿನಲ್ಲಿ ಹೋರಾಡಿ ಉಳಿಸಿದ್ದು ಯಾರು, ನೀವು ಕೂತಿರುವ ಜಾಗ ಯಾರಿಂದ ಉಳಿಯಿತು, ಒಬ್ಬ ಮನುಷ್ಯ ಮಾಡಿದ ಕೆಲಸದಿಂದ ಅವನ ಹೆಸರು ಕಿತ್ತುಹಾಕುವುದೆಂದರೆ ಅದು ಕಳ್ಳತನಕ್ಕಿಂತ ಕಡಿಮೆಯೇನು, ಕಳ್ಳನಾದರೂ ಕದ್ದದ್ದನ್ನು ನನ್ನದು ಎಂದು ವೇದಿಕೆಯ ಮೇಲೆ ತೋರಿಸುವುದಿಲ್ಲ ಎಂದ. ಐರ್ಲೆಂಡಿನಲ್ಲಿ, ಎಂದ. ಅಷ್ಟರಲ್ಲಿ ರಘು ಒಂದು ಚೀಟಿ ತಂದು ಮೈಕಿನ ಪಕ್ಕದಲ್ಲಿ ಇಟ್ಟ, 'ಸಮಯ'. ಶಾಸಕರು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು, ನೀವು ಹಿರಿಯರು, ಮುಂದಿನ ಸಲ ಹೀಗಾಗಲ್ಲ ಎಂದು ಹೇಳಿ ಮೆಟ್ಟಿಲು ಇಳಿದರು. ಜನ ಅವರ ಹಿಂದೆ ಹೋದರು. ಚಪ್ಪಾಳೆ ಯಾವುದಕ್ಕೆ ಬಿತ್ತೋ ತಿಳಿಯಲಿಲ್ಲ.

ಮತ್ತೆ ಕುರ್ಚಿಗೆ ಬಂದು ಕೂತ ಮೇಲೆಯೇ, ತಾನು ಹೇಳಿದ್ದು ಏನು, ಹೇಳದೆ ಉಳಿದದ್ದು ಯಾವುದು ಎಂಬುದು ಅವನಿಗೆ ಗೊತ್ತಾದದ್ದು. ಮೈಕನ್ನು ಆಗಲೇ ಬಿಚ್ಚುತ್ತಿದ್ದರು. ಎದ್ದು ಹೋಗಿ ಮೈಕಿಲ್ಲದೆಯೇ ಕೂಗಿ ಹೇಳಬಹುದಿತ್ತು. ಕೇಳುವವರಿಗೆ ಕೇಳುತ್ತಿತ್ತು, ಇಬ್ಬರಿಗೆ ಕೇಳಿದರೂ ಸಾಕಿತ್ತು, ಆ ಇಬ್ಬರೂ ಮೂರನೆಯ ಸಾಲಿನಲ್ಲೇ ಇದ್ದರು. ಅವನು ಏಳಲಿಲ್ಲ. ಕಳ್ಳನಾದರೂ, ಎಂದು ತಾನು ಆಡಿದ ಮಾತು ಧ್ವನಿವರ್ಧಕದಿಂದ ಹೊರಟು, ಎದುರಿನ ಅಪಾರ್ಟ್‌ಮೆಂಟಿಗೆ ಬಡಿದು, ಈಗ ನಿಧಾನವಾಗಿ ತನ್ನ ಕಡೆಗೇ ವಾಪಸು ಬರುತ್ತಿದೆ ಎನ್ನಿಸಿತು. ಕೊರಳಿನ ಹಾರ ತೆಗೆದು ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟ.

ರೇಖಾ ಮೆಟ್ಟಿಲು ಹತ್ತಿ ಬಂದಳು. ವೇಣು ಕೆಳಗೇ ನಿಂತ, ಕೈಯಲ್ಲಿ ಹೊಸ ಪುಸ್ತಕದ ಒಂದು ಪ್ರತಿ ಇತ್ತು, ದುಡ್ಡು ಕೊಟ್ಟು ತೆಗೆದುಕೊಂಡಿದ್ದ. ಸಹಿ ಹಾಕಿಸಿಕೊಳ್ಳಲು ಬಂದಿದ್ದಾಳೆಂದು ಒಂದು ಗಳಿಗೆ, ಆ ಒಂದೇ ಗಳಿಗೆ, ಬೈಲಪ್ಪನ ಮನಸ್ಸು ಆಸೆಪಟ್ಟು ಕೈ ಜೇಬಿನ ಪೆನ್ನಿಗೆ ಹೋಯಿತು. ಅವಳು ಬ್ಯಾಗಿನಿಂದ ಉದ್ದನೆಯ ಬಿಳಿ ಕವರು ತೆಗೆದಳು.

"ಪೋಸ್ಟ್ ಮಾಡಿರ್ಲಿಲ್ಲ ಸಾರ್," ಎಂದಳು. "ನೀವು ಇವತ್ತು ಏನ್ ಹೇಳ್ತೀರೋ ಕೇಳ್ಕೊಂಡು ಆಮೇಲೆ ನೋಡೋಣ ಅಂತ ಬ್ಯಾಗಲ್ಲೇ ಇಟ್ಕೊಂಡಿದ್ದೆ. ಗೊತ್ತಿರೋರಿಗೆ ಅಂಚೇಲಿ ಕಳಿಸ್ಬಾರ್ದು, ಕೈಯಲ್ಲೇ ಕೊಡ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ರಿ."

ಲೀಗಲ್ ನೋಟಿಸು. ಬಿಚ್ಚುವ ಮೊದಲೇ ತಿಳಿಯಿತು, ಕಾಗದ ಮಡಿಸಿದ ರೀತಿ ಅವನದೇ ಚೇಂಬರಿನದು. ನನ್ನ ಕಕ್ಷಿದಾರರಾದ ವೇಣು ಬಿನ್ ಲೇಟ್ ಪಿಳ್ಳಣ್ಣ ಇವರ ಸೂಚನೆಯ ಮೇರೆಗೆ, ಎಂದು ಶುರುವಾಗಿತ್ತು. ಸದರಿಯವರ ತಾಯಿ ಲೇಟ್ ಮಾರಮ್ಮ ಕೋಂ ಲೇಟ್ ಪಿಳ್ಳಣ್ಣ, ಇಟ್ಟಮಡು ಕಾಲೊನಿ ವಾಸಿಯಾಗಿದ್ದವರು, ತತ್ವಪದಗಳ ಕರ್ತೃ. ನಲವತ್ತೊಂದು ಹಾಡಿಗೂ ಒಂದೊಂದು ಸಾಲು ಕೊಟ್ಟು ಮೊದಲ ಚರಣ ಬರೆದಿದ್ದಳು. ಕ್ಯಾಸೆಟ್ಟಿನ ಮಾತನ್ನು ಇದ್ದದ್ದು ಇದ್ದ ಹಾಗೆ, ಮಾರಮ್ಮನ 'ಬುದ್ಧಿ'ಯನ್ನೂ ಅವನ 'ಹೇಳು' ಎಂಬುದನ್ನೂ ಬಿಡದೆ, ಹುಂಜ ಕೂಗಿದ್ದನ್ನೂ ಸೇರಿಸಿ ದಾಖಲಿಸಿದ್ದಳು. ಅಭ್ಯಾಸಬಲದಿಂದ ಬೈಲಪ್ಪ ಕೆಂಪು ಪೆನ್ನಿನ ಮುಚ್ಚಳ ತೆಗೆದು, ಒಂದು ತಪ್ಪಿಗಾಗಿ ಸಾಲು ಸಾಲಾಗಿ ಹುಡುಕಿದ. ಸಿಕ್ಕಲಿಲ್ಲ. ಆಮೇಲೆ ಮತ್ತೆ ಮೊದಲ ಹಾಳೆಗೆ ಬಂದ. ಓದುವ ಅವಸರದಲ್ಲಿ ಮೇಲಿನ ವಿಳಾಸ ನೋಡಿರಲಿಲ್ಲ. 'ಇವರಿಗೆ: ಶ್ರೀ ಬೈಲಪ್ಪನವರು, ವಕೀಲರು, ಮಾಜಿ ನಗರಪಾಲಿಕೆ ಸದಸ್ಯರು, ಸಾಹಿತ್ಯ ಚರಿತ್ರೆಕಾರರು.' ಮೂರೂ ಇದ್ದವು. ಅವನಿಗೆ ಬೇಕಾಗಿದ್ದ ಕ್ರಮದಲ್ಲೇ ಇದ್ದವು. ಇಡೀ ದಿನದಲ್ಲಿ ಅವನ ಹೆಸರನ್ನು ಪೂರ್ತಿಯಾಗಿ ಬರೆದವಳು ಇವಳೊಬ್ಬಳೇ.

"ಹೆಸರಲ್ಲಿ ಏನಾದ್ರೂ ಬಿಟ್ಟೋಗಿದ್ಯಾ ಸಾರ್?" ಎಂದು ರೇಖಾ ಕೇಳಿದಳು. ಕುಹಕದಿಂದಲ್ಲ, ನಾಲ್ಕು ವರ್ಷ ಪ್ರತಿ ಡ್ರಾಫ್ಟು ತಂದಾಗಲೂ ಕೇಳುತ್ತಿದ್ದ ಹಾಗೆಯೇ ಕೇಳಿದಳು.

ಬೈಲಪ್ಪ ಇಲ್ಲವೆಂದು ತಲೆಯಾಡಿಸಿದ. ಅವಳು ಎರಡನೆಯ ಪ್ರತಿ ಮುಂದಿಟ್ಟು, ತಲುಪಿದೆ ಎಂದು ಸಹಿ ಮಾಡಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದಳು. ಕೆಳಗೆ ವೇಣು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಬೇರೆ ಕಡೆ ನೋಡುತ್ತಿದ್ದ. ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುವ ಸದ್ದು ಹತ್ತಿರ ಬರುತ್ತಿತ್ತು, ಶಾಮಿಯಾನದವನು ಬಂದು, ಅಣ್ಣ ಸ್ವಲ್ಪ ಏಳ್ತೀರಾ, ಇದೊಂದೇ ಕುರ್ಚಿ ಉಳಿದಿರೋದು ಎಂದ. ಬೈಲಪ್ಪ ಎದ್ದು ನಿಂತು, ಕಾಗದವನ್ನು ಅಂಗೈಯ ಮೇಲಿಟ್ಟುಕೊಂಡು ತನ್ನ ಹೆಸರು ಬರೆದ. ಅದರ ಕೆಳಗೆ ಏನನ್ನೂ ಬರೆಯಲಿಲ್ಲ.